ಓರೆಗೆರೆಯ ಕಂಬಳಿ

ಭಾಲ್ಕಿ
೧೨ ಡಿಸೆಂಬರ್ ೧೯೪೮

ತಂಗಿ ಅಜೀಜಾಗೆ ದತ್ತಾತ್ರಿ ಅಣ್ಣನ ಆಶೀರ್ವಾದ.

ಬೀದರಿನಿಂದ ನೀನು ಬರೆಸಿದ ಎರಡೂ ಕಾಗದ ಮುಟ್ಟಿದವು. ಉತ್ತರಕ್ಕೆ ಎರಡು ತಿಂಗಳು ತಡವಾಯಿತು, ಕ್ಷಮಿಸು. ಇದನ್ನು ಓದಿ ಹೇಳುತ್ತಿರುವ ನಿನ್ನ ತಂದೆಯವರಿಗೆ ಸಲಾಂ. ನಿನ್ನ ಮೇಕೆ ಎರಡು ಮರಿ ಹಾಕಿದೆ. ನನ್ನ ಹೆಂಡತಿ ಗಂಗುಬಾಯಿ ಅವನ್ನು ನಿನ್ನ ಹೆಸರಿಗೇ ಬಿಟ್ಟಿದ್ದಾಳೆ.

ಕೊನೆಯ ದಿನಗಳಲ್ಲಿ ನಿನ್ನ ಗಂಡ ಹೇಗಿದ್ದ ಎಂದು ಕೇಳಿದ್ದೀ. ಪೊಲೀಸ್ ಆ್ಯಕ್ಷನ್ ಆಗಿ, ನಿಜಾಮನ ರಾಜ್ಯ ಬಿದ್ದು ಊರು ಕೆಟ್ಟ ದಿನ ನಿನ್ನನ್ನು ತವರಿಗೆ ಕಳಿಸಿ, ಅವನು ನಮ್ಮ ಮಗ್ಗದ ಕೋಣೆ ಸೇರಿದ. ಖಾಸಿಂ ಅಲಿ ಹೈದರಾಬಾದಿಗೆ ಓಡಿಹೋದ ಎಂದು ನಾವೇ ಸುದ್ದಿ ಹಬ್ಬಿಸಿದೆವು. ಎರಡು ದಿನ ಗೋಡೆ ನೋಡುತ್ತ ಕೂತಿದ್ದ. ಮೂರನೆಯ ದಿನ, "ಕೈ ಖಾಲಿ ಇದ್ರ ಅಂಜಿಕಿ ಭಾಳ ಆಗ್ತದ. ಬಾ, ನಮ್ಮ ಮನಿ ಓರೆಗೆರಿ ಕಲಿಸ್ತೇನಿ" ಅಂದ. ನಿಮ್ಮ ಮನೆಯವರ ಹೊರತು ಈ ಸೀಮೆಯಲ್ಲಿ ಯಾರಿಗೂ ಬಾರದ ನೇಯ್ಗೆ ಅದು.

ನಮ್ಮ ಕುರುಬರ ಕಂಬಳಿಗೆ ಒಂದು ಎಳೆ ಮೇಲೆ, ಒಂದು ಎಳೆ ಕೆಳಗೆ. ಅವನದು ಎರಡು ಮೇಲೆ, ಎರಡು ಕೆಳಗೆ. ಸಾಲಿಗೊಂದು ಎಳೆ ಪಕ್ಕಕ್ಕೆ ಸರಿಯಬೇಕು. ಬಿದಿರಿನ ಪಟ್ಟಿಯಿಂದ ಎತ್ತಿ ಎತ್ತಿ ನನ್ನ ಬೆರಳು ಮರಗಟ್ಟಿದವು.

"ಅರೇ ದತ್ತು, ಎರಡು ಅಂದ್ರ ಮೂರು ಎತ್ತತಿ! ಕುರಿ ಹ್ಯಾಂಗ ಎಣಸ್ತಿಯೋ?"

"ನನ್ನ ಕುರಿ ನಿನ್ನಂಗ ಬೈಯಂಗಿಲ್ಲ ಮಿಯಾ."

"ಇಬ್ಬರೂ ಬಾಯಿ ಮುಚ್ರಿ, ಹೊರಗ ಕೇಳಸ್ತದ" ಎಂದು ಗಂಗುಬಾಯಿ ಗದರಿದಳು. ಆಮೇಲೆ ಅವಳೇ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ಹತ್ತನೆಯ ದಿನ ಗಿಡ್ಡ ಕಂಬಳಿಯೊಂದು ಮುಗಿಯಿತು. ಮರುದಿನ ಮಧ್ಯಾಹ್ನ ಕೊಡಲಿ ಹಿಡಿದ ಮಂದಿ ನೇರ ಮಗ್ಗದ ಕೋಣೆಗೇ ಬಂದರು. ಬಾಗಿಲಿಗೆ ಅಡ್ಡ ನಿಂತ ನನ್ನನ್ನು ಕೆಡವಿದರು. "ದತ್ತೂನ ಮಂದೀಗಿ ಕೈ ಹಚ್ಚಬ್ಯಾಡ್ರಿ, ನಾ ಬರ್ತೇನಿ" ಎಂದು ಅವನೇ ಎದ್ದು ಹೋದ. ಊರಲ್ಲಿ ಉಳಿದಿದ್ದ ಮುದುಕ ಫಕ್ರೋದ್ದೀನ ನಮಾಜು ಮಾಡಿದ. ಮಣ್ಣು ನಾನು ಹಾಕಿದೆ.

ಗಂಗುಬಾಯಿ ನೀರಿಗೆ ಹೋದಾಗ ಬಾಯಿ ಬಿಟ್ಟಿರಬೇಕು ಎಂದು ಬರೆಸಿದ್ದೀ. ಅವಳು ಯಾರಿಗೂ ಹೇಳಿಲ್ಲ. ನಿನ್ನ ಕಾಗದ ಬಂದಾಗಿನಿಂದ ಅವಳಿಗೆ ರೊಟ್ಟಿ ಇಳಿಯುತ್ತಿಲ್ಲ.

ನಿನ್ನ ಅಲ್ಲಾಹನೂ ನಮ್ಮ ಬೀರಪ್ಪನೂ ನಿನ್ನನ್ನು ಕಾಯಲಿ.

ನಿನ್ನ ಅಣ್ಣ,
ದತ್ತಾತ್ರಿ

ತಾ.ಕ.: ಹೊಸ ಕಂಬಳಿಗೆ ಹುಣಸೆಬೀಜದ ಗಂಜಿ ಬಳಿದು ಅಂಗಳದ ಬಿಸಿಲಿಗೆ ಹಾಸುವುದು ನಮ್ಮ ಪದ್ಧತಿ. ಕೈಗೆ ರೂಢಿ, ಆ ಗಿಡ್ಡ ಕಂಬಳಿಯನ್ನೂ ಮುಗಿದ ದಿನವೇ ಹಾಸಿಬಿಟ್ಟೆ. ದಾರಿಯಲ್ಲಿ ಹೊರಟಿದ್ದ ನಮ್ಮೂರ ವೈಜಿನಾಥ ನಿಂತು ನೋಡಿದ. "ಖಾಸಿಂ ಮನಿ ಗೆರಿ ಅಲ್ಲೇನು ಇದು? ನೀ ಯಾವಾಗ ಕಲ್ತಿ?" ಎಂದ. ನಾನು ಹಿಗ್ಗಿನಲ್ಲಿದ್ದೆ, ತಂಗಿ. "ಇದೇ ವಾರದಾಗ" ಅಂದೆ.