ಭೂಪಟದಲ್ಲೊಂದು ಕಪಟ

ಮನೆ, ಅಡುಗೆಕೋಣೆಯ ಮೇಜು
ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಚಕ್ರವರ್ತಿಗಳಿಗೆ,

ಲಾರಿಯ ಚಕ್ರ ತಿರುಗಿಸುವವರಿಗೆ ಈ ಬಿರುದನ್ನು ಮದುವೆಯಾದ ಹೊಸದರಲ್ಲಿ ನಾನೇ ದಯಪಾಲಿಸಿದ್ದು. ಇನ್ನೂ ಹಿಂದಕ್ಕೆ ತೆಗೆದುಕೊಂಡಿಲ್ಲ, ಹೆದರಬೇಡಿ. ಆರೋಗ್ಯ ಹೇಗಿದೆ? ಬೆನ್ನು ನೋವು ಇಳಿಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರೋ, ಇಲ್ಲ ಚಹಾ ಕುಡಿದೇ ಹೊಟ್ಟೆಗೆ ಮೋಸ ಮಾಡುತ್ತಿದ್ದೀರೋ? ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ನಿಮ್ಮಮ್ಮನ ಮಂಡಿ ಮೆಟ್ಟಿಲು ಕಂಡಾಗ ಮಾತ್ರ ನೋಯುತ್ತದೆ, ಪಕ್ಕದ ಮನೆಯ ಟಿವಿಗೆ ಹೋಗುವಾಗ ಅದೇ ಮೆಟ್ಟಿಲು ಅವರಿಗೆ ಕಾಣಿಸುವುದಿಲ್ಲ. ಮಗಳ ಮುಂದಿನ ಹಲ್ಲು ಅಂತೂ ಬಿತ್ತು. ಫೋನಿರುವಾಗ ಇವಳಿಗೆ ಪತ್ರದ ಹುಚ್ಚು ಯಾಕೆ ಹತ್ತಿತು ಅಂತ ನೀವು ಕೇಳಬಹುದು. ಫೋನಿನಲ್ಲಿ ನೀವು ಮಾತನ್ನು ತಿರುಗಿಸುತ್ತೀರಿ, ಸ್ಟೇರಿಂಗ್ ಹಿಡಿದು ಪಳಗಿದ ಕೈ. ಪತ್ರವನ್ನು ‘ಸಿಗ್ನಲ್ ಸಿಗ್ತಿಲ್ಲ ಕಣೆ’ ಅಂತ ಅರ್ಧದಲ್ಲಿ ಕತ್ತರಿಸಲು ಬರುವುದಿಲ್ಲ.

ಸುತ್ತಿ ಬಳಸಿ ಹೇಳುವುದು ಯಾಕೆ, ನನಗೆ ನಿಮ್ಮ ಮೇಲೆ ಅನುಮಾನ ಬಂದಿದೆ. ನೀವು ನಗುತ್ತೀರಿ, ಗೊತ್ತು. ಅಚ್ಚುಕೂಟದಲ್ಲಿ ಕೂತು ಕರಡು ತಿದ್ದುವವಳು, ತಪ್ಪು ಹುಡುಕುವುದೇ ಇವಳ ಹೊಟ್ಟೆಪಾಡು, ಮನೆಗೆ ಬಂದ ಮೇಲೂ ಕೆಂಪು ಪೆನ್ನು ಮುಚ್ಚುವುದಿಲ್ಲ ಅನ್ನುತ್ತೀರಿ. ಆದರೆ ಈ ಸಲ ತಪ್ಪು ಹಿಡಿದದ್ದು ನಾನಲ್ಲ, ನಿಮ್ಮ ಮಗಳು. ಅದೂ ನೀವೇ ತಂದುಕೊಟ್ಟ ಆಟದಿಂದ.

ನೆನಪಿದೆಯಲ್ಲ, ಹೋದ ವರ್ಷ ಹೆದ್ದಾರಿ ಬದಿಯ ಯಾವುದೋ ಅಂಗಡಿಯಿಂದ ನೀವು ತಂದ ಆ ಅಗಲವಾದ ರಟ್ಟಿನ ಪೆಟ್ಟಿಗೆ? ಬಿಚ್ಚಿ ಹರಡಿದರೆ ಊಟದ ಮೇಜಿನ ತುಂಬ ಇಡೀ ದೇಶ. ಕೆಂಪು ಜೋಡಿಗೆರೆ ಅಂದರೆ ಹೆದ್ದಾರಿ, ಅಡ್ಡಹಲ್ಲು ಇರುವ ಕಪ್ಪು ಗೆರೆ ರೈಲು, ಪುಟ್ಟ ಲಂಗರು ಇದ್ದಲ್ಲಿ ಬಂದರು, ಮೂಲೆಯಲ್ಲಿ ನಾಲ್ಕು ದಿಕ್ಕು ತೋರಿಸುವ ನಕ್ಷತ್ರ. ದಾಳ ಹಾಕಿ, ಚೀಟಿ ಎತ್ತಿ, ‘ನದಿಯ ಉತ್ತರ ದಡ ಹಿಡಿದು ಹೋಗು’, ‘ಕಣಿವೆ ದಾರಿ ಮುಚ್ಚಿದೆ, ಸುತ್ತಿಕೊಂಡು ಬಾ’ ಅಂತ ಅದು ಹೇಳಿದ ಹಾಗೆ ಸರಕು ಸಾಗಿಸಬೇಕು. ಪೆಟ್ಟಿಗೆಯ ಮೇಲೆ ‘ಏಳರಿಂದ ಎಪ್ಪತ್ತು ವರ್ಷದವರಿಗೆ’ ಅಂತ ಅಚ್ಚಾಗಿರುವುದರಿಂದ ನಿಮ್ಮಮ್ಮ ಅಂದಿನಿಂದ ಅರವತ್ತೊಂಬತ್ತರಲ್ಲೇ ನಿಂತುಬಿಟ್ಟಿದ್ದಾರೆ. ಸೋಲುವ ಸೂಚನೆ ಕಂಡರೆ ಅವರಿಗೆ ಕೆಮ್ಮು ಬರುತ್ತದೆ, ಕೆಮ್ಮಿದ ರಭಸಕ್ಕೆ ಅವರ ಕಾಯಿ ಎರಡು ಊರು ಮುಂದಕ್ಕೆ ಹೋಗಿರುತ್ತದೆ. ನಾನು ಅದನ್ನು ನೋಡಿಯೂ ನೋಡದವಳ ಹಾಗೆ ಇರುತ್ತೇನೆ. ಅತ್ತೆ ಅಂದ ಮೇಲೆ ಅಷ್ಟು ಗೌರವ ಬೇಡವೇ?

ಆದರೆ ಮಗಳ ಹಸಿರು ಲಾರಿಯ ಕಾನೂನೇ ಬೇರೆ. ಅದು ಅಪ್ಪ. ನೀವು ಮನೆಯಲ್ಲಿದ್ದಾಗ ಮಾತ್ರ ಅದು ಆಟಕ್ಕೆ ಇಳಿಯುತ್ತದೆ, ಉಳಿದ ದಿನ ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ‘ಅಪ್ಪನ್ನ ದಾಳ ನಡೆಸಲ್ಲ, ಫೋನು ನಡೆಸುತ್ತೆ’ ಅನ್ನುತ್ತಾಳೆ. ನೀವು ಫೋನು ಮಾಡಿ ಎಲ್ಲಿದ್ದೀರೆಂದು ಹೇಳಿದಾಗ, ಅಲ್ಲಿ ಏನು ಕಾಣಿಸುತ್ತಿದೆ ಅಂತ ಕೇಳಿ, ಹೌದೆನ್ನಿಸಿದ ಮೇಲೆ ಲಾರಿಯನ್ನು ಆ ಊರಿನ ಮೇಲೆ ಇಡುತ್ತಾಳೆ. ಒಂದು ಸಲ ನಿಮ್ಮಮ್ಮ ಧೂಳು ಒರೆಸುವಾಗ ನಿಮ್ಮನ್ನು ತಳ್ಳಿ ಮರುಭೂಮಿಗೆ ಹಾಕಿದರು. ಆವತ್ತು ಮನೆಯಲ್ಲಿ ನಡೆದದ್ದನ್ನು ಬರೆಯಲು ಇನ್ನೊಂದು ಲಕೋಟೆ ಬೇಕು.

ಈಗ ಹೋದ ಬುಧವಾರಕ್ಕೆ ಬರೋಣ. ಸಂಜೆ ಅಜ್ಜಿ ಮೊಮ್ಮಗಳು ಆಡುತ್ತಿರುವಾಗ ನೀವು ಫೋನು ಮಾಡಿದಿರಿ. ಎಲ್ಲಿದ್ದೀಯಪ್ಪ ಅಂದಳು. ಉಪ್ಪಿನ ಬಂದರಲ್ಲಿ ಅಂದಿರಿ, ಪೂರ್ವ ಕರಾವಳಿಯಲ್ಲಿ ಬಿಳಿ ಗುಡ್ಡೆಗಳ ಚಿತ್ರ ಇರುವ ಊರಿಗೆ ಅವಳಿಟ್ಟ ಹೆಸರದು, ನಿಮ್ಮ ಗಾಡಿ ವರ್ಷಗಟ್ಟಲೆ ಓಡಿದ ದಾರಿ. ಏನು ಕಾಣಿಸ್ತಿದೆ ಅಂದಳು. ನೀವು ಕಂಬ ಕಾಣಿಸ್ತಿದೆ, ಗೋಡೆ ಕಾಣಿಸ್ತಿದೆ ಅಂದು ಮುಗಿಸಬಾರದಿತ್ತೇ? ‘ಸೂರ್ಯ ಸಮುದ್ರಕ್ಕೆ ಇಳೀತಾ ಇದ್ದಾನೆ ಮಗಳೇ, ನೀರೆಲ್ಲ ತಾಮ್ರ ಆಗಿದೆ’ ಅಂದಿರಿ. ನಾನು ಬಟಾಣಿ ಸುಲಿಯುತ್ತಾ ಕೇಳುತ್ತಿದ್ದೆ. ಇಷ್ಟು ವರ್ಷಕ್ಕೆ ನನ್ನ ಗಂಡ ಕವಿಯಾದರಲ್ಲ ಎಂದು ಅಲ್ಲೇ ಕರಗಿದೆ. ಮಗಳು ಕರಗಲಿಲ್ಲ. ಫೋನಿಟ್ಟ ಮೇಲೆ ಹಸಿರು ಲಾರಿಯನ್ನು ಕೈಯಲ್ಲಿ ಹಿಡಿದುಕೊಂಡು, ಎಲ್ಲೂ ಇಡದೆ, ಕೂತೇ ಇದ್ದಳು. ಆಮೇಲೆ ಕೇಳಿದಳು: ‘ಅಮ್ಮಾ, ಉಪ್ಪಿನ ಬಂದರಲ್ಲಿ ಸಮುದ್ರ ಇರೋದು ಸೂರ್ಯ ಹುಟ್ಟೋ ಕಡೆ. ಅಲ್ಲಿ ಅವನು ಊರಿನ ಹಿಂದೆ ಮುಳುಗಬೇಕು. ನೀರಲ್ಲಿ ಹೇಗೆ ಮುಳುಗಿದ?’

ನಾನು ಕಾಲೇಜು ಮೆಟ್ಟಿಲು ಹತ್ತಿ ಇಳಿದವಳು. ಅಕ್ಷಾಂಶ, ರೇಖಾಂಶ ಎರಡನ್ನೂ ಉರುಹೊಡೆದು ಪಾಸಾದೆ, ಸತ್ಯಾಂಶ ಮಾತ್ರ ಆ ವರ್ಷದ ಪಠ್ಯದಲ್ಲಿರಲಿಲ್ಲ. ಸಮುದ್ರ ಅಲ್ಲಿ ಕೊಂಚ ಬಾಗಿರಬಹುದು ಕಣೇ ಅಂದೆ. ಅವಳು ಕರಾವಳಿಯುದ್ದಕ್ಕೂ ಬೆರಳಾಡಿಸಿ, ಎಲ್ಲೂ ಬಾಗಿಲ್ಲ ಅಂದಳು. ಅಲ್ಲಿಗೆ ಬಿಟ್ಟಳೇ? ಅಪ್ಪ ಮಾತಾಡುವಾಗ ಹಿಂದೆ ರೈಲು ಕೂಗಿತು, ಹಡಗಿನ ಗಂಟೆಯೂ ಕೇಳಿಸಿತು, ಉಪ್ಪಿನ ಬಂದರಿಗೆ ರೈಲೇ ಇಲ್ಲ ಅಂದಳು. ಲಾರಿ ಓಡಿಸುವವರು ರೈಲು ಬಿಡಲು ಶುರು ಮಾಡಿದ್ದು ಯಾವಾಗಿನಿಂದ ಸ್ವಾಮಿ? ಅವಳು ಪಶ್ಚಿಮ ಕರಾವಳಿಯ ಲಂಗರುಗಳನ್ನೆಲ್ಲ ಒಂದೊಂದಾಗಿ ನೋಡುತ್ತಾ ಬಂದಳು. ಅಡ್ಡಹಲ್ಲಿನ ಗೆರೆ ನೀರಿನ ಅಂಚಿನವರೆಗೂ ಹೋಗಿ ಹಡಗುಕಟ್ಟೆಗೆ ಮೂಗು ತಾಗಿಸಿರುವ ಊರು ಒಂದೇ ಒಂದು. ಹಸಿರು ಲಾರಿಯನ್ನು ಅದರ ಮೇಲೆ ಇಟ್ಟು, ‘ಅಪ್ಪ ಇಲ್ಲಿದ್ದಾನೆ. ಇಲ್ಲ ಅಂತ ಯಾಕೆ ಹೇಳಿದ?’ ಅಂದಳು. ಅವತ್ತಿನಿಂದ ಆ ಆಟವನ್ನು ಅವಳು ಆಡಿಲ್ಲ. ಮಡಿಸಲೂ ಬಿಡುವುದಿಲ್ಲ, ನಾವು ಮೂರು ಜನ ತಟ್ಟೆಗಳನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದೇವೆ.

ನನ್ನ ಪಾಡು ಕೇಳಿ. ಪಶ್ಚಿಮಕ್ಕೆ ನಿಮ್ಮ ಗಾಡಿ ಹೋಗುವುದೇ ಇಲ್ಲ. ಹಾಗಾದರೆ ಅಲ್ಲಿ ಯಾರಿದ್ದಾರೆ? ಮೂರು ತಿಂಗಳಿಂದ ‘ಒಂದರ ಹಿಂದೊಂದು ಟ್ರಿಪ್ಪು’ ಅಂತ ಮನೆಗೆ ಬಾರದೆ ಇದ್ದದ್ದು ಯಾರ ಮನೆಯಲ್ಲಿ? ನಿಮ್ಮ ಹಳೆಯ ಅಂಗಿಗಳ ಜೇಬು ತಡಕಿದೆ. ಹಲ್ಲುಕಡ್ಡಿ ಬಿಟ್ಟರೆ ಬೇರೆ ಸುಳಿವಿಲ್ಲ, ಇಷ್ಟು ಶುಚಿಯಾದ ಜೇಬೇ ಅನುಮಾನಕ್ಕೆ ಜಾಗ ಅನ್ನಿಸಿತು. ಅಚ್ಚುಕೂಟದಲ್ಲಿ ಕೂತು ಮನಸ್ಸಿನಲ್ಲೇ ಅವಳಿಗೊಂದು ಮುಖ ತಿದ್ದಿದೆ. ಮೊದಲು ಮೂಗು ಚೂಪಾಗಿ ಮಾಡಿದೆ, ಆಮೇಲೆ ಹೊಟ್ಟೆಕಿಚ್ಚಾಗಿ ಮೊಂಡು ಮಾಡಿದೆ. ಈ ಗಲಾಟೆಯಲ್ಲಿ ಒಂದು ಮದುವೆ ಕಾಗದದಲ್ಲಿ ‘ವಧು’ ಇರಬೇಕಾದ ಕಡೆ ‘ವಧೆ’ ಅಂತ ಇದ್ದದ್ದು ನನ್ನ ಕಣ್ಣು ತಪ್ಪಿಸಿಕೊಂಡು ಅಚ್ಚಾಗಿಯೇ ಹೋಯಿತು. ಮಾಲೀಕರು ತಲೆಯ ಮೇಲೆ ಕೈಹೊತ್ತು ಕೂತರು. ಒಂದು ರೀತಿಯಲ್ಲಿ ಅದು ಸರಿಯಾಗಿಯೇ ಇದೆ ಅಂತ ನನಗೆ ಅನ್ನಿಸಿತು, ಬಾಯಿಬಿಟ್ಟು ಹೇಳಲಿಲ್ಲ.

ಇಷ್ಟರಲ್ಲಿ ಇನ್ನೊಂದು ಕಡೆಯಿಂದಲೂ ವಾಸನೆ ಬರತೊಡಗಿತು. ಮಗಳ ಮಾತು ಮುಗಿದದ್ದೇ ಫೋನನ್ನು ಹಿತ್ತಿಲಿಗೆ ಎತ್ತಿಕೊಂಡು ಹೋಗಿ ಪಿಸುಗುಟ್ಟುವವರು ಯಾರು? ನಿಮ್ಮಮ್ಮ. ಒಳಗೆ ಬರುವಾಗ ಕಣ್ಣು ಕೆಂಪಗೆ, ಕೇಳಿದರೆ ಧೂಳು ಅನ್ನುತ್ತಾರೆ. ಮಳೆ ಬಂದ ದಿನವೂ ಧೂಳು. ಮಗಳು ಸೂರ್ಯನ ತಗಾದೆ ತೆಗೆದಾಗ ಎಲ್ಲರಿಗಿಂತ ಮೊದಲು ‘ಅವನು ಎಲ್ಲಾದರೂ ಮುಳುಗಲಿ, ನಿನ್ನ ಸರದಿ, ದಾಳ ಹಾಕು’ ಅಂದವರೂ ಅವರೇ. ಆ ಸಂಜೆ ಗೆಲ್ಲುವುದನ್ನೇ ಮರೆತು ಆಡುತ್ತಿದ್ದರು, ಕೆಮ್ಮು ಕೂಡ ಬರಲಿಲ್ಲ. ಶುಕ್ರವಾರ ಮಗಳು ಶಾಲೆಗೆ ಹೋದ ಮೇಲೆ ಬಟ್ಟೆ ಮಡಿಸುತ್ತಿದ್ದವರ ಎದುರು ಹೋಗಿ ಕೂತು, ಅತ್ತೆ, ಯಾರವಳು ಅಂತ ಕೇಳಿಯೇಬಿಟ್ಟೆ. ಯಾವಳು ಅಂದರು. ನಿಮ್ಮ ಮಗ ಇಟ್ಟುಕೊಂಡಿರುವವಳು ಅಂದೆ. ನಿಮ್ಮ ಅಂಗಿಯೊಂದು ಅವರ ಕೈಯಲ್ಲಿತ್ತು, ಅದನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ‘ನನ್ನ ಮಗನ ಮೇಲೆ ಅಂಥ ಮಾತು ಆಡಬೇಡ. ಅವನಿಗೆ ಗಾಡಿ ಬಿಡಿಸಿದ್ದಾರೆ ಕಣೇ. ಕಣ್ಣಿನ ಪರೀಕ್ಷೇಲಿ ಫೇಲು.’

ಆಮೇಲೆ ಒಂದೊಂದೇ ಹೊರಗೆ ಬಂತು. ಎರಡೂ ಕಣ್ಣಿಗೆ ಪೊರೆ ಬಂದಿದೆ, ರಾತ್ರಿ ಎದುರಿನ ಗಾಡಿಗಳ ದೀಪ ಒಡೆದ ಗಾಜಿನ ಹಾಗೆ ಚೆಲ್ಲಾಪಿಲ್ಲಿ ಕಾಣುತ್ತದೆ, ಕಂಪನಿಯವರು ಸ್ಟೇರಿಂಗ್ ಕಿತ್ತುಕೊಂಡು ಯಾವುದೋ ಗೋದಾಮಿನಲ್ಲಿ ಪೆಟ್ಟಿಗೆ ಎಣಿಸಲು ಕೂರಿಸಿದ್ದಾರೆ. ಯಾವ ಊರು ಅಂತ ನೀವು ಅವರಿಗೂ ಹೇಳಿಲ್ಲ. ಮನೆಯಲ್ಲಿ ಹೇಳಕೂಡದು ಅಂತ ಆಣೆ ಬೇರೆ ಹಾಕಿಸಿಕೊಂಡಿದ್ದೀರಿ. ಹೋದ ಸಲ ನೀವು ಬಂದಾಗ ದೀಪದ ಕೆಳಗೆ ಎಲ್ಲರೂ ಆಡಿದ್ದು ನನಗೆ ಆಗ ನೆನಪಾಯಿತು. ನಿಮ್ಮ ಹಸಿರು ಲಾರಿ ಕೆಂಪು ಗೆರೆ ಬಿಟ್ಟು ರೈಲು ಹಳಿ ಹಿಡಿದು ಹೋಗುತ್ತಿತ್ತು. ಮಗಳು ಬಿದ್ದು ಬಿದ್ದು ನಕ್ಕಳು, ನೀವೂ ನಕ್ಕಿರಿ, ಅವಳನ್ನು ನಗಿಸಲು ಬೇಕೆಂದೇ ಮಾಡುತ್ತಿದ್ದೀರಿ ಅಂದುಕೊಂಡೆ. ಅನುಮಾನ ನನಗೆ ಅಲ್ಲೇ ಬರಬೇಕಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ನೀವು ಮಾಡಿದ ಒಂದೇ ಒಂದು ಒಳ್ಳೆಯ ಜೋಕು ಅದು.

ನಾಚಿಕೆಗೆ ಹೇಳಿಲ್ಲ ಪಾಪ, ಅನ್ನುತ್ತಾರೆ ನಿಮ್ಮಮ್ಮ. ನಾನು ಅಷ್ಟು ಸುಲಭಕ್ಕೆ ನಂಬುವವಳಲ್ಲ. ಪೆಟ್ಟಿಗೆ ಎಣಿಸುವುದರಲ್ಲಿ ನಾಚಿಕೆ ಏನಿದೆ? ನಾನು ದಿನವಿಡೀ ಅಕ್ಷರ ಎಣಿಸುತ್ತೇನೆ. ನಿಮ್ಮಮ್ಮನಿಗೂ ಎರಡು ಕಣ್ಣಿನ ಪೊರೆ ತೆಗೆಸಿದೆವು, ಈಗ ಅವರಿಗೆ ಸಕ್ಕರೆ ಡಬ್ಬಿಯ ತಳದಲ್ಲಿರುವ ಇರುವೆ ಕಾಣುತ್ತದೆ, ನಾನು ಗುಡಿಸದೆ ಬಿಟ್ಟ ಮೂಲೆಯಂತೂ ಇನ್ನೂ ಚೆನ್ನಾಗಿ ಕಾಣುತ್ತದೆ. ಒಂದು ಬೆಳಗಿನ ಕೆಲಸ. ಅದಕ್ಕೆ ಮೂರು ತಿಂಗಳು ತಲೆಮರೆಸಿಕೊಂಡಿದ್ದೀರಿ ಅಂದರೆ, ನಾಚಿಕೆಯ ಜೊತೆಗೆ ಇನ್ನೇನೋ ಇದೆ. ರಕ್ತ ಪರೀಕ್ಷೆಗೆ ಕರೆದುಕೊಂಡು ಹೋದ ದಿನ, ಕಂಪೌಂಡರು ಸೂಜಿ ಎತ್ತುವ ಮೊದಲೇ ನೀವು ನನ್ನ ಹೆಗಲ ಮೇಲೆ ಒರಗಿಬಿಟ್ಟಿರಲ್ಲ, ನನ್ನ ಅನುಮಾನವೆಲ್ಲ ಈಗ ಆ ಸೂಜಿಯ ಮೇಲೆ. ಹೆದರಿಕೆಯನ್ನು ಹೆಂಡತಿಗೆ ಹೇಳುವುದಕ್ಕಿಂತ ಹೆದ್ದಾರಿಯ ಸುಳ್ಳು ಹೇಳುವುದು ಸುಲಭ ಅನ್ನಿಸಿತೇ?

ನನಗೆ ಹೇಳಿದ ಸುಳ್ಳನ್ನು ನಾನು ನೋಡಿಕೊಳ್ಳುತ್ತೇನೆ. ಬಡ್ಡಿ ಸಮೇತ ಆಡಿಕೊಳ್ಳಲು ವರ್ಷಗಳು ಇವೆ. ಮಗಳದ್ದು ಹಾಗಲ್ಲ. ಅವಳಿಗೆ ನೀವಿರುವ ಊರು ಗೊತ್ತು, ನಿಮ್ಮ ಕಣ್ಣಿನ ವಿಷಯ ಗೊತ್ತಿಲ್ಲ. ಅಪ್ಪನ ಮಾತು ನಂಬಿ ಲಾರಿ ಇಡುತ್ತಿದ್ದವಳು ಈಗ ನಾನು ಅಚ್ಚುಕೂಟಕ್ಕೆ ಹೊರಟರೂ, ನಿಜವಾಗಿ ಅಲ್ಲಿಗೇ ತಾನೆ ಅನ್ನುತ್ತಾಳೆ. ಅಪ್ಪ ತನಗೆ ಯಾಕೆ ಸುಳ್ಳು ಹೇಳಿದ ಎಂಬುದಕ್ಕೆ ಆ ಪೆಟ್ಟಿಗೆಯಲ್ಲಿ ಚೀಟಿಯಿಲ್ಲ. ನಾನೇ ಹೇಳಿಬಿಡೋಣ ಅಂತ ಎರಡು ಸಲ ಬಾಯಿ ತೆರೆದು ಮುಚ್ಚಿದೆ. ಅದು ನನ್ನ ಬಾಯಲ್ಲಿ ಬಂದರೆ ಸಮಜಾಯಿಷಿ ಆಗುತ್ತದೆ. ನೀವು ಎದುರು ಕೂತು ಹೇಳಿದರೆ ಮಾತ್ರ ಅವಳಿಗೆ ಅಪ್ಪ ವಾಪಸು ಸಿಗುತ್ತಾನೆ.

ನಿಮ್ಮಮ್ಮ ಆಶೀರ್ವಾದ ಕಳಿಸಿದ್ದಾರೆ, ಆಣೆ ಮುರಿದದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ ಅಂತಲೂ ಹೇಳಿದ್ದಾರೆ. ಮಗಳು ಎಂದಿನ ಮುತ್ತು ಕಳಿಸಿಲ್ಲ, ತಡೆಹಿಡಿದಿದ್ದಾಳೆ. ನಾನು ಕಳಿಸುತ್ತಿದ್ದೇನೆ, ತಿದ್ದುಪಡಿಗೆ ಒಳಪಟ್ಟು.

ಇತಿ,
ನಿಮ್ಮ ಕೆಂಪು ಪೆನ್ನಿನವಳು

ತಾ.ಕ.: ಸೋಮವಾರ ಬೆಳಿಗ್ಗೆ. ಅಂಚೆ ಡಬ್ಬಿ ತೆರೆಯುವ ಹೊತ್ತಾಯಿತು, ಅವಸರದಲ್ಲಿ ಗೀಚುತ್ತಿದ್ದೇನೆ. ಲಕೋಟೆಯನ್ನು ತಿರುಗಿಸಿ ನೋಡಿ. ಇದನ್ನು ಕಂಪನಿಯ ದೊಡ್ಡ ಆಫೀಸಿಗೆ ಕಳಿಸಿಲ್ಲ. ಮಗಳು ಲಾರಿ ಇಟ್ಟಿರುವ ಊರಿಗೆ, ಕಂಪನಿಯ ಗೋದಾಮು, ಹಡಗುಕಟ್ಟೆ ಅಂತ ಹಾಕಿದ್ದೇನೆ. ವಿಳಾಸ ಅವಳ ಕೈಬರಹ. ವಾಪಸು ಬಂದರೆ ಅವಳು ಸೋತ ಹಾಗೆ, ನಾನು ಚೂಪುಮೂಗಿನವಳನ್ನು ಮತ್ತೆ ಹುಡುಕಬೇಕು. ನಿಮ್ಮ ಕೈಗೇ ಬಂದರೆ ಅಲ್ಲಿಂದ ಅಲ್ಲಾಡಬೇಡಿ. ಶನಿವಾರ ಬೆಳಗಿನ ಬಸ್ಸಿಗೆ ನಾವಿಬ್ಬರೂ ಬರುತ್ತಿದ್ದೇವೆ, ದಾರಿ ಅವಳದು, ಟಿಕೆಟ್ಟು ನನ್ನದು. ಮೊದಲು ಅವಳಿಗೆ ಹೇಳಬೇಕಾದ್ದನ್ನು ಹೇಳಿ, ಆಮೇಲೆ ಚೀಲ ತೆಗೆದುಕೊಂಡು ನಮ್ಮ ಜೊತೆ ಹೊರಡಿ. ಮುಂದಿನ ಸೋಮವಾರಕ್ಕೆ ಕಣ್ಣಿನ ಡಾಕ್ಟರ ಹತ್ತಿರ ನಿಮ್ಮ ಹೆಸರು ಬರೆಸಿದ್ದೇನೆ, ಒರಗಲು ಹೆಗಲು ನಾನು ತರುತ್ತೇನೆ. ನೀವೇ ಓದಿಕೊಳ್ಳುವ ಹಾಗಾಗಲಿ ಅಂತ ಅಕ್ಷರಗಳನ್ನು ಇಷ್ಟು ದಪ್ಪ ಬರೆದು ಹಾಳೆಗಳನ್ನೆಲ್ಲ ಮುಗಿಸಿದೆ. ಆದರೂ ಕಾಣದೆ ಇದನ್ನು ಯಾರಾದರೂ ನಿಮಗೆ ಓದಿ ಹೇಳುತ್ತಿದ್ದರೆ, ಅವರಿಗೆ ನನ್ನ ನಮಸ್ಕಾರ. ಅವರು ಗಂಡಸರೇ ತಾನೆ?