ಎಕ್ಸ್‌ಪ್ರೆಸ್ ಅಕ್ಕ ನಿಧಾನವಾದದ್ದಕ್ಕೆ ಕಾರಣ

ಅಂಚೆ ವಿಂಗಡಣಾ ಕೇಂದ್ರದ ಮಾನ್ಯ ಮುಖ್ಯಾಧಿಕಾರಿಗಳೇ,

ನಮ್ಮ ಎಕ್ಸ್‌ಪ್ರೆಸ್ ಅಕ್ಕನಿಗೆ ‘ಕೆಲಸದ ವೇಗ ಕುಸಿದಿದೆ, ಕಾರಣ ಕೊಡಿ’ ಎಂದು ತಾವು ನೋಟಿಸು ಕಳಿಸಿದ್ದೀರಿ. ಕಾರಣ ನಾನು ಕೊಡುತ್ತೇನೆ: ಅವಳ ಕಾಯಿಲೆ ಹತೋಟಿಗೆ ಬರುತ್ತಿದೆ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರೊಂದು ಬಿಟ್ಟು ಏನು ಬೇಕಾದರೂ ಬರಿ ಅಂದಿದ್ದಾಳೆ.

ಕಳೆದ ವರ್ಷ ಅವಳಿಗೆ ‘ಅತ್ಯುತ್ತಮ ಉದ್ಯೋಗಿ’ ಫಲಕ ಕೊಟ್ಟವರು ತಾವೇ. ಯಾರೋ ಅಟ್ಟಿಸಿಕೊಂಡು ಬಂದಂತೆ ಕಾಗದಗಳನ್ನು ಗೂಡುಗಳಿಗೆ ಎಸೆಯುತ್ತಿದ್ದಳಲ್ಲ, ಅದಕ್ಕೆ. ಕೈ ನಡುಗುತ್ತಿತ್ತು, ಎದೆ ಡವಡವ, ಮೈಯೆಲ್ಲ ಬೆವರು. ಗಡದ್ದಾಗಿ ಉಂಡರೂ ಕಡ್ಡಿಯಾಗುತ್ತಿದ್ದಳು. ಪಕ್ಕದ ಸ್ಟೂಲಿನಲ್ಲಿ ನಾನು ಸ್ವೆಟರ್ ತೊಟ್ಟು ಒಂದೇ ಕಾಗದ ಹಿಡಿದು ತೂಕಡಿಸುತ್ತಿದ್ದೆ. ಅವಳು ಫ್ಯಾನ್ ಹಾಕುವುದು, ನಾನು ಆರಿಸುವುದು. ತಾವು ನನಗೆ, “ಅವರನ್ನ ನೋಡಿ ಕಲೀರಿ ರೀ” ಅಂದಿರಿ. ನೋಡಿದೆ ಸ್ವಾಮಿ, ಇನ್ನೂ ಚಳಿಯಾಯಿತು.

ಮುಖ ಊದಿ ಕೂದಲು ಉದುರತೊಡಗಿದಾಗ ನಾನು ಡಾಕ್ಟರ ಬಳಿ ಹೋದೆ. ಅಕ್ಕ ಬರೀ ಜೊತೆಗೆಂದು ಬಂದವಳು. ನನ್ನ ಚೀಟಿ ಹಿಡಿದಿದ್ದ ಅವಳ ಕೈ ನಡುಗುವುದನ್ನು ಕಂಡು ಡಾಕ್ಟರು ಇಬ್ಬರ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು. ವರದಿ ನೋಡಿ ನಕ್ಕರು: “ಇಬ್ಬರದೂ ಥೈರಾಯ್ಡೇ. ನಿಮ್ಮದು ಮಲಗಿದೆ, ಇವರದು ಕುಣೀತಿದೆ.”

ಅಂದರೆ ತಾವು ಫಲಕ ಕೊಟ್ಟದ್ದೂ ಗದರಿದ್ದೂ ಕತ್ತಿನೊಳಗಿನ ಒಂದು ಪುಟ್ಟ ಗ್ರಂಥಿಗೆ. ನನಗೆ ಕಡಿಮೆ ಬಿದ್ದ ಹಾರ್ಮೋನಿಗೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ. ಆಮೇಲೆ ಅರ್ಧ ಗಂಟೆಯಾದರೂ ಟೀ ಕಡೆ ತಲೆ ಹಾಕುವಂತಿಲ್ಲ, ಅದೇ ನನ್ನ ಮಹಾತ್ಯಾಗ. ಅವಳಿಗೆ ಹೆಚ್ಚಾದದ್ದನ್ನು ತಗ್ಗಿಸುವ ಬೇರೆ ಮಾತ್ರೆ. ಆಗಾಗ ರಕ್ತ ಪರೀಕ್ಷಿಸಿ ಡಾಕ್ಟರೇ ಪ್ರಮಾಣ ಬದಲಿಸುತ್ತಾರೆ. ಈಗ ನಾನು ಚುರುಕಾದೆ, ಅವಳು ನಿಧಾನವಾದಳು. ಫ್ಯಾನಿನ ಜಗಳವೂ ಮುಗಿಯಿತು.

ಅಷ್ಟರಲ್ಲಿ ತಮ್ಮ ನೋಟಿಸು. ನಿನ್ನೆ ಕ್ಯಾಂಟೀನಿನಲ್ಲಿ ಅಕ್ಕ, “ಮಾತ್ರೆ ಬಿಟ್ಬಿಡ್ತೀನಿ ಕಣೇ, ಮೊದಲಿನ ಸ್ಪೀಡ್ ಬರುತ್ತೆ” ಅಂದಳು. ಕೇಳದೆ ಮಾತ್ರೆ ಬಿಟ್ಟರೆ ಹೃದಯಕ್ಕೇ ಪೆಟ್ಟು ಎಂದು ಡಾಕ್ಟರು ಒತ್ತಿ ಹೇಳಿದ್ದಾರೆ. ತಮ್ಮ ಕಾಗದದ ಚೀಲ ಬೇಗ ಖಾಲಿಯಾಗಲೆಂದು ಅವಳು ಪ್ರಾಣ ಪಣಕ್ಕಿಡಬೇಕೇ?

ಆ ನೋಟಿಸನ್ನು ಇಂದೇ ಹಿಂಪಡೆಯಿರಿ. ಅಲ್ಲಿಯವರೆಗೆ ಬೆಳಗ್ಗೆ ಅವಳ ಮನೆಗೆ ಹೋಗಿ, ಮಾತ್ರೆ ನುಂಗಿಸಿ, ಬಾಯಿ ತೆರೆಸಿ ನೋಡಿಯೇ ಕೆಲಸಕ್ಕೆ ಬರುತ್ತೇನೆ. ತಡವಾದರೆ ನೋಟಿಸು ನನಗೆ ಕೊಡಿ. ನನಗೆ ಅಭ್ಯಾಸವಿದೆ.

ಇಂತಿ,
ಪಕ್ಕದ ಸ್ಟೂಲಿನಲ್ಲಿ ಸ್ವೆಟರ್ ಕಳಚಿಟ್ಟು ಕೂತಿರುವ
ತಮ್ಮ ಮಾಜಿ ಸೋಮಾರಿ