ಹೆಸರು ಬದಲಿಸಲಾಗಿದೆ

ಮಂಗಳವಾರ, ಮಧ್ಯಾಹ್ನದ ಊಟದ ಹೊತ್ತು
ಚಿಕಿತ್ಸಾಲಯದ ಔಷಧಿ ಕೋಣೆಯಿಂದ

ಕಾನೂನಿನ ಪ್ರಕಾರ ಇನ್ನೂ ನನ್ನ ಯಜಮಾನರೇ ಆಗಿರುವ ಮಹಾನುಭಾವರಿಗೆ ನಮಸ್ಕಾರ.

ಈ ಕಾಗದ ತಂದ ನಿಮ್ಮ ಶಿಷ್ಯೆ ನಿಮ್ಮ ಎದುರಿಗೇ ನಿಂತಿದ್ದಾಳೆ. ಓದಿ ಮುಗಿಸಿದ ಮೇಲೆ ಅವಳ ಕೈಗೇ ವಾಪಸು ಕೊಡಬೇಕು. ಫೋಟೋ ತೆಗೆಯುವುದು, ಫೈಲಿಗೆ ಸೇರಿಸುವುದು, ಆ ಚಾಳಿಯೆಲ್ಲ ಬೇಡ.

ನಿಮ್ಮ ಕಾಗದ ಓದಿದೆ. ಅಬ್ಬಬ್ಬಾ, ಎಂಥಾ ವಿನಯ! ಒಂದೂವರೆ ವರ್ಷದಿಂದ ಇದ್ದೀಯಾ ಸತ್ತಿದ್ದೀಯಾ ಅಂತ ಕೇಳದವರು ಆರೋಗ್ಯ ಹೇಗಿದೆ ಎಂದು ಶುರು ಮಾಡಿದಾಗಲೇ ನನ್ನಿಂದ ಏನೋ ಕೆಲಸ ಆಗಬೇಕಿದೆ ಎಂದು ಗೊತ್ತಾಯಿತು. ಪುಸ್ತಕ ಅಚ್ಚಿಗೆ ಹೋಗಲು ಸಿದ್ಧವಾಗಿದೆಯಂತೆ. ವಿಶ್ವವಿದ್ಯಾಲಯದ ನೀತಿ ಸಮಿತಿ ಮಾತ್ರ ಕಡ್ಡಿ ಆಡಿಸಿದೆಯಂತೆ. ನಾಲ್ಕನೇ ಅಧ್ಯಾಯದ ಹೆಂಗಸು ನಿಜವಾಗಿ ಇದ್ದಾಳೆ, ಅದು ಅವಳದೇ ಕಥೆ, ಅಚ್ಚು ಹಾಕಲು ಅವಳ ಒಪ್ಪಿಗೆ ಇದೆ ಎಂದು ಬರೆಸಿ ಹೆಬ್ಬೆಟ್ಟು ಒತ್ತಿಸಿ ನಾನು ಕಳಿಸಬೇಕಂತೆ. ಯಾಕೆಂದರೆ ಅವಳ ಭಾಷೆ ಬರುವುದು ನನಗೆ, ಅವಳು ನಂಬುವುದೂ ನನ್ನನ್ನೇ. ನಾಚಿಕೆ ಅನ್ನುವುದು ಏನಾದರೂ ಇದೆಯೇ ನಿಮಗೆ? ಇಲ್ಲ ಅಂತ ಗೊತ್ತು, ಸುಮ್ಮನೆ ಕೇಳಿದೆ.

ಆ ಹೆಂಗಸಿನ ಮುಖವಾದರೂ ನೆನಪಿದೆಯೋ ಇಲ್ಲವೋ. ಯುದ್ಧಕ್ಕೆ ಹೆದರಿ ಗಡಿ ದಾಟಿ ಬಂದವರನ್ನೆಲ್ಲ ಹಳೆ ಗಿರಣಿಯಲ್ಲಿ ತುಂಬಿದ್ದರಲ್ಲ, ಅದರ ಮೂರನೇ ಮಹಡಿ, ಕಂಬಳಿ ಅಡ್ಡ ಕಟ್ಟಿದ ಕೋಣೆ. ನಾವಿಬ್ಬರೂ ಆಗಿನ್ನೂ ಒಂದೇ ಮನೆಯಲ್ಲಿದ್ದೆವು. ನೀವು ಕೇಳುವುದು, ನಾನು ಅವರ ಭಾಷೆಯಲ್ಲಿ ಹೇಳುವುದು, ಅವರು ಅಂದದ್ದನ್ನು ನಿಮ್ಮ ಕಿವಿಗೆ ಹಾಕುವುದು. ಹೊಲಿಗೆ ಕೆಲಸದ ಆ ಹೆಂಗಸು ನಮಗೆ ಹಾಸಿಗೆ ಬಿಟ್ಟುಕೊಟ್ಟು ತಾನು ಹೊಲಿಗೆ ಯಂತ್ರದ ಪೆಟ್ಟಿಗೆಯ ಮೇಲೆ ಕೂತಳು. ನೀವು ಮೊದಲು ನಿಮ್ಮ ಮಂತ್ರ ಹೇಳಿದಿರಿ. ಇಷ್ಟವಿಲ್ಲದಿದ್ದರೆ ಹೇಳಬೇಡಿ, ಹೇಳಿದ್ದನ್ನೂ ಯಾವಾಗ ಬೇಕಾದರೂ ವಾಪಸು ತೆಗೆದುಕೊಳ್ಳಬಹುದು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅವಳ ಭಾಷೆಯಲ್ಲಿ ಆ ಮಾತು ಕೊಟ್ಟದ್ದು ನನ್ನ ನಾಲಿಗೆ.

ಆಮೇಲೆ ಅವಳು ಗಿರಣಿಯಲ್ಲಿ ಯಾರಿಗೂ ಹೇಳದ್ದನ್ನು ಹೇಳಿದಳು. ಗಂಡ ದಾರಿಯಲ್ಲಿ ಸತ್ತ ಅಂತ ಎಲ್ಲರಿಗೂ ಹೇಳಿದ್ದು ಸುಳ್ಳು, ಅವನು ಬದುಕಿದ್ದಾನೆ. ಹೊಡೆದು ಹೊಡೆದು ಅವಳ ಒಂದು ಕಿವಿ ಕೇಳದ ಹಾಗೆ ಮಾಡಿದ್ದ. ಗಡಿಯ ಹತ್ತಿರ ಒಂದು ಶಾಲೆಯಲ್ಲಿ ತಂಗಿದ್ದಾಗ ಅವನು ಗೊರಕೆ ಹೊಡೆಯುತ್ತಿದ್ದ. ಅವಳು ಎರಡು ಹೆಣ್ಣುಮಕ್ಕಳನ್ನು ಎಬ್ಬಿಸಿ, ಹೊಲಿಗೆ ಯಂತ್ರ ತಲೆಯ ಮೇಲೆ ಹೊತ್ತು ನಡೆದುಬಿಟ್ಟಳು. ಇದನ್ನು ನಾನು ನಿಮಗೆ ಹೇಳುತ್ತಿದ್ದ ಹಾಗೇ ನಿಮ್ಮ ಕಣ್ಣು ಹೊಳೆಯಿತು. ನಮ್ಮ ಮದುವೆಯ ದಿನ ಕೂಡ ಹಾಗೆ ಹೊಳೆದಿರಲಿಲ್ಲ, ಬಿಡಿ.

ಅಧ್ಯಾಯದ ಕೆಳಗೆ ಹೆಸರು ಬದಲಿಸಲಾಗಿದೆ ಎಂದು ಬರೆದಿರಿ. ಶಭಾಷ್! ಹೆಸರೊಂದು ಬಿಟ್ಟು ಉಳಿದದ್ದೆಲ್ಲ ಇಟ್ಟಿರಿ. ತಲೆಯ ಮೇಲಿನ ಯಂತ್ರ, ಕೇಳದ ಕಿವಿ, ದೊಡ್ಡ ಮಗಳ ಉಗ್ಗು. ಸಣ್ಣ ವಿವರವೇ ಬರಹದ ಜೀವ ಅಂತ ಪಾಠ ಮಾಡುವವರಲ್ಲವೇ ನೀವು.

ಅಷ್ಟಕ್ಕೇ ಸುಮ್ಮನಿದ್ದರೂ ಆಗುತ್ತಿತ್ತು. ಇಲ್ಲ, ನೀವು ನೀತಿವಂತರು! ಜನರಿಂದ ಪಡೆದದ್ದನ್ನು ಜನರಿಗೇ ಹಿಂದಿರುಗಿಸಬೇಕು. ಹೋದ ತಿಂಗಳು ಈ ಶಿಷ್ಯೆಯನ್ನು ಕಳಿಸಿ, ಅಧ್ಯಾಯವನ್ನು ಅವರ ಭಾಷೆಗೆ ಯಾರ ಕೈಯಲ್ಲೋ ಮಾಡಿಸಿ, ಗಿರಣಿಯ ಊಟದ ಹಾಲಿನಲ್ಲಿ ಮೈಕ್ ಹಿಡಿದು ಓದಿಸಿದಿರಿ. ನನಗೆ ಒಂದು ಮಾತು ತಿಳಿಸಲಿಲ್ಲ. ನಾನು ಅಲ್ಲಿಗೆ ಹೋಗುವಷ್ಟರಲ್ಲಿ ಅರ್ಧ ಓದಿಯಾಗಿತ್ತು. ಯಂತ್ರದ ಸಾಲು ಬಂದದ್ದೇ ತಡ, ಇಡೀ ಹಾಲು ತಿರುಗಿ ಅವಳನ್ನು ನೋಡಿತು. ಗಿರಣಿಗೆಲ್ಲ ಇರುವುದು ಒಂದೇ ಹೊಲಿಗೆ ಯಂತ್ರ, ಸ್ವಾಮಿ! ಅಲ್ಲಿ ಕೂತ ಅರ್ಧ ಜನರ ಬಟ್ಟೆ ಅವಳೇ ಹೊಲಿದದ್ದು. ಅವಳು ತನ್ನ ಬ್ರೆಡ್ಡನ್ನು ಮಕ್ಕಳ ತಟ್ಟೆಗೆ ಹಾಕಿ ತಲೆ ತಗ್ಗಿಸಿ ಕೂತೇ ಇದ್ದಳು. ಎದ್ದು ಹೋದರೆ ಹೌದು ನಾನೇ ಎಂದು ಒಪ್ಪಿಕೊಂಡ ಹಾಗಲ್ಲವೇ. ನಿಮ್ಮ ಶಿಷ್ಯೆ ಓದಿ ಮುಗಿಸಿ ಚಪ್ಪಾಳೆಗೆ ಕಾದಳು. ಪಾಪ, ಆದದ್ದು ತಿಳಿದ ಮೇಲೆ ಅವಳಿಗೆ ಎರಡು ದಿನ ಗಂಟಲಲ್ಲಿ ಅನ್ನ ಇಳಿಯಲಿಲ್ಲವಂತೆ. ನಿಮಗೆ ಚೆನ್ನಾಗಿ ಇಳಿದಿರುತ್ತದೆ.

ಆ ಹಾಲಿನಲ್ಲಿ ಅವಳ ಗಂಡನ ಅಣ್ಣನೂ ಇದ್ದ, ತಮ್ಮ ಸತ್ತ ಎಂದು ಎದೆ ಬಡಿದುಕೊಂಡು ಅತ್ತಿದ್ದವನು. ಅವನು ನಿರಾಶ್ರಿತರ ಪರಿಹಾರ ಕಚೇರಿಗೆ ಅರ್ಜಿ ಹಾಕಿದ. ಗಂಡನಿಗೆ ಮೋಸ ಮಾಡಿ ಓಡಿ ಬಂದವಳ ಹತ್ತಿರ ಮಕ್ಕಳನ್ನು ಬಿಡಬಾರದು, ಅವು ನಮ್ಮ ಮನೆಯವು, ನಮಗೆ ಕೊಡಿ ಅಂತ. ಹೆಸರಿಲ್ಲದ ಕಥೆ ತಂದರೆ ನಡೆಯುವುದಿಲ್ಲ, ಅದು ಅವಳದೇ ಎನ್ನುವುದಕ್ಕೆ ಪುರಾವೆ ತಾ ಎಂದರು ಅಧಿಕಾರಿ. ಈಗ ಹೇಳಿ, ನೀವು ಕೇಳುತ್ತಿರುವ ಹೆಬ್ಬೆಟ್ಟಿನ ಕಾಗದ ಏನು ಹಾಗಾದರೆ? ಅವಳನ್ನು ಕಾಪಾಡುವುದಕ್ಕೆಂದು ನಿಮ್ಮ ಸಮಿತಿ ಮಾಡಿದ ನಿಯಮ ಪಾಲಿಸಲು ಅವಳು ಕೈಯಾರೆ ಮಕ್ಕಳನ್ನು ಒಪ್ಪಿಸಬೇಕು. ಇದು ನಿಮ್ಮ ತಲೆಗೆ ಹೊಳೆಯಲೇ ಇಲ್ಲವೇ, ಅಥವಾ ಹೊಳೆದರೂ ಪುಸ್ತಕವೇ ದೊಡ್ಡದಾಯಿತೇ? ಎರಡರಲ್ಲಿ ಯಾವುದು ನಿಜವಾದರೂ ನನಗೆ ಹೇಸಿಗೆಯೇ.

ಹಾಲಿನಲ್ಲಿ ಓದಿದ ಮಾರನೆಯ ದಿನ ಅವಳು ನಾನು ದುಭಾಷಿ ಕೆಲಸ ಮಾಡುವ ಈ ಚಿಕಿತ್ಸಾಲಯಕ್ಕೇ ಬಂದಳು. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. ಹೇಳಿದ್ದನ್ನು ವಾಪಸು ತೆಗೆದುಕೊಳ್ಳಬಹುದು ಅಂದಿದ್ದೆಯಲ್ಲ ಅಕ್ಕಾ, ಅದಕ್ಕೆ ಯಾವ ಕಿಟಕಿಯ ಮುಂದೆ ಸಾಲು ನಿಲ್ಲಬೇಕು ಎಂದು ಕೇಳಿದಳು. ಊಟ, ಔಷಧಿ, ಎಲ್ಲದಕ್ಕೂ ಕಿಟಕಿಯ ಮುಂದೆ ನಿಂತೇ ಅಭ್ಯಾಸವಾದವಳು, ಇದಕ್ಕೂ ಒಂದು ಇರುತ್ತದೆ ಎಂದುಕೊಂಡಿದ್ದಳು. ನಿಮ್ಮ ಕಚೇರಿಗೆ ಫೋನ್ ಮಾಡಿದರೆ ಸಭೆಯಲ್ಲಿದ್ದೀರಿ ಎಂದರು. ಮಾರನೆಯ ದಿನವೂ ಸಭೆ. ಕೊನೆಗೆ ಈ ಶಿಷ್ಯೆಯೇ ನಿಮ್ಮನ್ನು ಕೇಳಿ ಬಂದು, ವಾಪಸು ತೆಗೆದುಕೊಳ್ಳುವ ಗಡುವು ಮುಗಿದಿದೆಯಂತೆ, ವಿಶ್ಲೇಷಣೆ ಆಗಿಹೋಗಿದೆಯಂತೆ ಎಂದು ತಿಳಿಸಿದಳು. ಯಾವಾಗ ಬೇಕಾದರೂ ಅನ್ನುವುದಕ್ಕೂ ಒಂದು ಗಡುವು! ಅದನ್ನು ಅವಳ ಭಾಷೆಗೆ ತಿರುಗಿಸಲು ನನ್ನಿಂದ ಆಗಲಿಲ್ಲ. ಕೇಳಿ ಹೇಳುತ್ತೇನೆ ಎಂದು ಕಳಿಸಿದೆ.

ನೀವು ನನ್ನ ಮೇಲೆ ಯಾವತ್ತೂ ಕೈ ಎತ್ತಿದವರಲ್ಲ, ಅದನ್ನು ಒಪ್ಪುತ್ತೇನೆ. ನಾನು ಮನೆ ಬಿಟ್ಟ ದಿನ ನೀವು ನಿದ್ದೆಯಲ್ಲೂ ಇರಲಿಲ್ಲ. ಪಕ್ಕದ ಕೋಣೆಯಲ್ಲಿ, ಇನ್ನೊಬ್ಬರ ಮಾತಿಗೆ ಕಿವಿಗೊಡುವುದು ಹೇಗೆ ಎಂಬ ಭಾಷಣ ತಯಾರಿಸುತ್ತಿದ್ದಿರಿ. ನಾನು ಸೂಟ್‌ಕೇಸ್ ಎಳೆದ ಸದ್ದಿಗೆ, ಸ್ವಲ್ಪ ಗಲಾಟೆ ಕಡಿಮೆ ಮಾಡು ಎಂದು ಕೂಗಿದಿರಿ. ನಾನು ಇಲ್ಲ ಎಂದು ನಿಮಗೆ ಗೊತ್ತಾದದ್ದು ತೊಳೆದ ಅಂಗಿ ಮುಗಿದ ಮೇಲೆ. ಆದರೂ ಒಂದು ಕಾಲಕ್ಕೆ ನಿಮ್ಮ ಪಕ್ಕ ಕೂತು ಆ ಜನರ ಮಾತನ್ನು ನಿಮಗೆ ಮುಟ್ಟಿಸುವಾಗ ಹೆಮ್ಮೆಯಿಂದ ಉಬ್ಬಿಹೋಗುತ್ತಿದ್ದೆ. ಅದನ್ನು ನೆನೆದರೆ ಈಗಲೂ ಅಳು ಬರುತ್ತದೆ, ಹಿಂದೆಯೇ ಸಿಟ್ಟೂ ಬರುತ್ತದೆ.

ಹೆಬ್ಬೆಟ್ಟು ಬರುವುದಿಲ್ಲ. ಆ ಅಧ್ಯಾಯ ಕಿತ್ತು ಹಾಕಿ.

ಇಂತಿ,
ಹೆಸರಿಗೆ ಹೆಂಡತಿ,
ಇವತ್ತು ಸಂಜೆಯವರೆಗೆ ದುಭಾಷಿ

ತಾ.ಕ.: ಕಿತ್ತು ಹಾಕಿ ಎಂದದ್ದು ಬೇಡಿಕೊಂಡದ್ದಲ್ಲ. ಆ ಅರ್ಜಿಯ ವಿಚಾರಣೆ ಇವತ್ತು ಬೆಳಿಗ್ಗೆಯೇ ಮುಗಿಯಿತು. ಗಂಡನ ಅಣ್ಣ ನಿಮ್ಮ ಅಧ್ಯಾಯವನ್ನು ಮೇಜಿನ ಮೇಲಿಟ್ಟ. ಅಂದು ದುಭಾಷಿಯಾಗಿದ್ದವಳು ನೀನಲ್ಲವೇ, ಈಕೆ ಹೀಗೆ ಹೇಳಿದ್ದು ನಿಜವೇ ಎಂದು ಅಧಿಕಾರಿ ನನ್ನನ್ನು ಕೇಳಿದರು. ನಿಜವಲ್ಲ ಎಂದೆ. ಗಂಡ ದಾರಿಯಲ್ಲಿ ಸತ್ತ ಎಂದಷ್ಟೇ ಆಕೆ ಹೇಳಿದ್ದು, ಗಂಡನನ್ನು ಬಿಟ್ಟು ಓಡಿಬಂದ ಕಥೆ ನಾನು ಕಟ್ಟಿದ್ದು, ಆಗ ನನಗೆ ನನ್ನ ಗಂಡನ ಮೇಲಿದ್ದ ರೋಷವನ್ನೆಲ್ಲ ಅವಳ ಬಾಯಿಗೆ ತುರುಕಿ ಅವರಿಗೇ ಹೇಳಿದೆ ಎಂದು ಬರೆದು ಸಹಿ ಹಾಕಿದೆ. ಅರ್ಜಿ ಬಿದ್ದುಹೋಯಿತು. ತಾಯಿ ಮಕ್ಕಳನ್ನು ಬೇರೆ ಊರಿಗೆ ಕಳಿಸುತ್ತಿದ್ದಾರೆ, ಎಲ್ಲಿಗೆ ಎಂದು ನಿಮಗೆ ಬೇಕಾಗಿಲ್ಲ. ಸುಳ್ಳು ಹೇಳಿದ ದುಭಾಷಿಯನ್ನು ಚಿಕಿತ್ಸಾಲಯ ಇಟ್ಟುಕೊಳ್ಳುವುದಿಲ್ಲ, ಸಂಜೆಗೆ ಬೀಗದ ಕೈ ಒಪ್ಪಿಸಬೇಕು. ಆ ಹೇಳಿಕೆಯ ಪ್ರತಿ ನಿಮ್ಮ ನೀತಿ ಸಮಿತಿಗೂ ಹೋಗಿದೆ. ನನ್ನ ಈ ಹೇಳಿಕೆಯೇ ಸುಳ್ಳು ಎಂದು ತೋರಿಸಬೇಕಾದರೆ ನಿಮಗೆ ಅಂದು ನೀವು ಮಾಡಿಕೊಂಡ ಅವಳ ಮಾತಿನ ಧ್ವನಿಮುದ್ರಣ ಬೇಕು. ಅದನ್ನು ನಿಯಮದಂತೆ ಅಳಿಸಿದ್ದೇನೆ ಎಂದು ಮುನ್ನುಡಿಯಲ್ಲಿ ಎದೆಯುಬ್ಬಿಸಿ ಬರೆದುಕೊಂಡವರು ನೀವೇ. ಅದೊಂದು ನಿಯಮ ಪಾಲಿಸಿದ್ದಕ್ಕೆ ಆ ಎರಡು ಮಕ್ಕಳ ಪರವಾಗಿ ನಿಮಗೆ ಧನ್ಯವಾದ.